ಬೆಂಕಿ ಹಚ್ಚಿದ ಮಗುವನ್ನು ಯಾರ ಬಳಿ ಕಳಿಸಬೇಕು? ಒಂದು ಬಹಿರಂಗ ಪತ್ರ

ಅಗ್ನಿಶಾಮಕ ಸೇವೆ, ಶಾಲೆ, ಪೊಲೀಸ್, ಮಕ್ಕಳ ಆರೋಗ್ಯ ಮತ್ತು ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಎಲ್ಲ ಅಧಿಕಾರಿಗಳಿಗೆ,
ಹಾಗೂ ಮನೆಯಲ್ಲಿ ಮಕ್ಕಳಿರುವ ಎಲ್ಲರಿಗೆ,

ಮಾನ್ಯರೇ,

ಮಗುವಿನ ಕೈಯಿಂದ ಹೊತ್ತಿದ ಬೆಂಕಿಗೆ ಬಹಳಷ್ಟು ಊರುಗಳಲ್ಲಿ ಇರುವುದು ಎರಡೇ ದಾರಿ. ಬೆಂಕಿ ಸಣ್ಣದಾದರೆ ಮನೆಯವರೇ ಆರಿಸಿ, ಎರಡೇಟು ಕೊಟ್ಟು, ಸುದ್ದಿ ಹೊಸ್ತಿಲು ದಾಟದಂತೆ ನೋಡಿಕೊಳ್ಳುತ್ತಾರೆ. ದೊಡ್ಡದಾದರೆ ಅದು ಪೊಲೀಸ್ ಠಾಣೆಯ ಕಡತವಾಗುತ್ತದೆ. ಮಗುವಿನ ಪಕ್ಕ ಕೂತು ಏನಾಯಿತು, ಹೇಗಾಯಿತು, ಇದಕ್ಕೆ ಮುಂಚೆ ಯಾವಾಗ ಆಗಿತ್ತು ಎಂದು ಕ್ರಮವಾಗಿ ಕೇಳುವವರು ಈ ಎರಡರ ನಡುವೆ ಯಾರೂ ಸಿಗುವುದಿಲ್ಲ. ಬೆಂಕಿ ಆರಿಸುವ, ಮಕ್ಕಳಿಗೆ ಪಾಠ ಹೇಳುವ, ಮಕ್ಕಳ ಮನಸ್ಸಿಗೆ ಚಿಕಿತ್ಸೆ ನೀಡುವ ಕೆಲಸದಲ್ಲಿರುವ ನಾವು ಒಟ್ಟಾಗಿ ಕೇಳುತ್ತಿರುವುದು ಮೂರನೆಯ ದಾರಿಯನ್ನು. ಅದಕ್ಕೆ ಹೊಸ ಕಟ್ಟಡ ಬೇಡ, ಹೊಸ ಇಲಾಖೆಯೂ ಬೇಡ. ತರಬೇತಿ ಪಡೆದ ಸಿಬ್ಬಂದಿ, ಎಲ್ಲರೂ ಬಳಸುವ ಒಂದೇ ಪ್ರಶ್ನಾವಳಿ, ಯಾವ ಮಗು ಯಾರ ಬಳಿ ಹೋಗಬೇಕೆಂಬ ಲಿಖಿತ ಒಪ್ಪಂದ, ವರ್ಷದ ತನಕ ಬಿಡದೆ ವಿಚಾರಿಸುವ ಪದ್ಧತಿ ಇದ್ದರೆ ಸಾಕು.

ಮೊದಲು ಮಕ್ಕಳ ಬಗ್ಗೆ. ಬೆಂಕಿಯ ಮೇಲಿನ ಕುತೂಹಲ ಮೂರು ವರ್ಷದ ಹೊತ್ತಿಗೇ ಕಾಣಿಸಿಕೊಳ್ಳುತ್ತದೆ, ಅದು ರೋಗವಲ್ಲ. ಆ ವಯಸ್ಸಿನ ಮಗು ಮೇಣದಬತ್ತಿಯ ಉರಿಯನ್ನೂ ಕೋಣೆ ಸುಡುವ ಉರಿಯನ್ನೂ ಬೇರೆ ಬೇರೆ ವಸ್ತುಗಳೆಂದೇ ನಂಬುತ್ತದೆ. ಒಂದು ಇನ್ನೊಂದಾಗಿ ಬೆಳೆಯುತ್ತದೆಂಬುದು ಅದಕ್ಕೆ ತಿಳಿಯದು. "ಬೆಂಕಿ ಸುಡುತ್ತದೆ" ಎಂದು ಬಾಯಿಪಾಠ ಒಪ್ಪಿಸಿದ ಮಗುವೇ ಮರುಗಳಿಗೆ ಲೈಟರ್ ಎತ್ತಿಕೊಳ್ಳುವುದು ಇದೇ ಕಾರಣಕ್ಕೆ. ಕಲಿಸಿದ್ದನ್ನು ಮರೆತದ್ದಲ್ಲ, ತನ್ನ ಕೈಯಲ್ಲಿರುವ ಚಿಕ್ಕ ಉರಿಗೆ ಆ ಮಾತು ಅನ್ವಯಿಸುತ್ತದೆಂದು ಅದಕ್ಕೆ ಅನಿಸಿರುವುದಿಲ್ಲ.

ಬೆಂಕಿ ಹಚ್ಚುವ ಮಕ್ಕಳಲ್ಲಿ ಸ್ಥೂಲವಾಗಿ ನಾಲ್ಕು ಬಗೆ. ಕುತೂಹಲದಿಂದ ಗೀರಿ ನೋಡುವವರು, ಹೆಚ್ಚಾಗಿ ಚಿಕ್ಕವರು. ಮನೆಯಲ್ಲೋ ಶಾಲೆಯಲ್ಲೋ ಏನೋ ಮುರಿದುಬಿದ್ದಾಗ, ಹೇಳಲಾಗದ ಸಂಕಟವನ್ನು ಉರಿಯಲ್ಲಿ ಹೊರಹಾಕುವವರು: ಹೆತ್ತವರು ಬೇರೆಯಾದದ್ದು, ಸಾವು, ಮನೆ ಬದಲಾದದ್ದು, ಹೊಡೆತ, ಲೈಂಗಿಕ ದೌರ್ಜನ್ಯ, ಸಹಪಾಠಿಗಳ ಕಿರುಕುಳ. ಗೆಳೆಯರ ಎದುರು ಮೆರೆಯಲು, ಸೇಡು ತೀರಿಸಲು, ಹಾಳು ಮಾಡಲು ಹಚ್ಚುವ ಹದಿಹರೆಯದವರು. ಕೊನೆಗೆ, ಗಂಭೀರ ಮಾನಸಿಕ ತೊಂದರೆಯ ಭಾಗವಾಗಿ ಮತ್ತೆಮತ್ತೆ ಹಚ್ಚುವ ಕೆಲವೇ ಮಕ್ಕಳು. ಒಬ್ಬನೇ ಹುಡುಗ ಒಂದು ಬಗೆಯಿಂದ ಇನ್ನೊಂದಕ್ಕೆ ಜಾರುವುದೂ ಉಂಟು. ಕುತೂಹಲಕ್ಕೆ ಹಚ್ಚಿದವನು ಬೆಂಕಿ ಕಂಡಾಗ ಮನೆಯವರೆಲ್ಲ ಓಡಿ ಬರುತ್ತಾರೆಂದು ಕಲಿತರೆ, ಮುಂದಿನ ಸಲ ಸಂಕಟ ಬಂದಾಗ ಅದೇ ಕಡ್ಡಿ ಹುಡುಕುತ್ತಾನೆ. "ಪೈರೋಮೇನಿಯಾ" (ಬೆಂಕಿ ಹಚ್ಚುವ ಗೀಳು) ಎಂಬ ಹೆಸರನ್ನು ಮಾತ್ರ ದಯವಿಟ್ಟು ಸುಲಭವಾಗಿ ಅಂಟಿಸಬೇಡಿ. ಆ ರೋಗನಿರ್ಣಯಕ್ಕೆ ಕಟ್ಟುನಿಟ್ಟಾದ ಷರತ್ತುಗಳಿವೆ: ಒಂದಕ್ಕಿಂತ ಹೆಚ್ಚು ಸಲ ಉದ್ದೇಶಪೂರ್ವಕ ಕೃತ್ಯ, ಅದಕ್ಕೆ ಮುನ್ನ ಒಳಗಿನ ಬಿಗುವು, ನಂತರ ಸುಖ ಅಥವಾ ನಿರಾಳ, ಕೋಪಕ್ಕೋ ಲಾಭಕ್ಕೋ ಮಾಡಿದ್ದಲ್ಲ ಎಂಬುದು. ಮಕ್ಕಳಲ್ಲಿ ಇದು ತೀರಾ ಅಪರೂಪ.

ಇನ್ನೊಂದು ಹಣೆಪಟ್ಟಿಯೂ ತೊಲಗಬೇಕು. ಬೆಂಕಿ ಹಚ್ಚುವುದು, ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳುವುದು, ಪ್ರಾಣಿಗಳನ್ನು ಹಿಂಸಿಸುವುದು ಈ ಮೂರೂ ಸೇರಿದರೆ ಮಗು ಮುಂದೆ ಕೊಲೆಗಾರನಾಗುತ್ತದೆಂಬ ಮಾತು 1963ರಲ್ಲಿ ಮನೋವೈದ್ಯ ಜೆ. ಎಂ. ಮ್ಯಾಕ್‌ಡೊನಾಲ್ಡ್ ಬರೆದ ಲೇಖನವೊಂದರಿಂದ ಹಬ್ಬಿತು. ನಂತರದ ಸಂಶೋಧನೆ ಅದನ್ನು ಭವಿಷ್ಯ ಹೇಳುವ ಸಾಧನವಾಗಿ ಎತ್ತಿಹಿಡಿಯಲಿಲ್ಲ. ಹಾಸಿಗೆ ಒದ್ದೆಯಾಗುವುದು ಎಷ್ಟೋ ಆರೋಗ್ಯವಂತ ಮಕ್ಕಳಲ್ಲಿ ಇರುತ್ತದೆ. ಪ್ರಾಣಿಹಿಂಸೆ ಕಂಡರೆ ಮಗು ತಾನೇ ಹಿಂಸೆ ಅನುಭವಿಸುತ್ತಿದೆಯೇ ಎಂದು ವಿಚಾರಿಸಲು ಅದು ಕಾರಣ. ಮಗುವನ್ನು ಕಂಡು ಹೆದರಲು ಅಲ್ಲ.

ಈಗ ಬೆಂಕಿಯ ಬಗ್ಗೆ. ಮಕ್ಕಳು ಬಯಲಲ್ಲಿ ಎಲ್ಲರೆದುರು ಗೀರುವುದು ಕಡಿಮೆ. ಮನೆಯೊಳಗೆ ಅವರು ಆರಿಸಿಕೊಳ್ಳುವುದು ಮಲಗುವ ಕೋಣೆ, ಮಂಚದಡಿ, ಬಟ್ಟೆ ಬೀರುವಿನ ಒಳಗು, ಪರದೆಯ ಹಿಂದು. ಅಂದರೆ ಮೊದಲು ಹೊತ್ತುವುದೇ ಹಾಸಿಗೆ, ಹೊದಿಕೆ, ಬಟ್ಟೆ. ಫೋಮ್ ತುಂಬಿದ ಹಾಸಿಗೆ ಮತ್ತು ಸೋಫಾಗಳಿರುವ ಕೋಣೆಯಲ್ಲಿ ಹೊತ್ತಿಕೊಂಡ ಉರಿ 3ರಿಂದ 5 ನಿಮಿಷದಲ್ಲೇ ಇಡೀ ಕೋಣೆಯನ್ನು ಆವರಿಸಬಲ್ಲದು. ಚಾವಣಿಯ ಕೆಳಗಿನ ಬಿಸಿಗಾಳಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಕೋಣೆಯಲ್ಲಿರುವ ಸುಡುವ ವಸ್ತುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಅದಕ್ಕೂ ಮುಂಚೆಯೇ ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಉಸಿರು ಕಟ್ಟಿಸಿರುತ್ತವೆ. ಚಿಕ್ಕ ಮಗು ಈ ಹೊತ್ತಿನಲ್ಲಿ ಕೂಗುವುದಿಲ್ಲ. ಬೈಗುಳಕ್ಕೆ ಹೆದರಿ ಅದೇ ಮಂಚದಡಿ, ಅದೇ ಬೀರುವಿನಲ್ಲಿ ಅಡಗುತ್ತದೆ, ಉಸಿರಾಟದ ಮುಖವಾಡ ಹಾಕಿದ ಅಗ್ನಿಶಾಮಕನನ್ನು ಕಂಡರೆ ಇನ್ನೂ ಒಳಸರಿಯುತ್ತದೆ. ಬೆಂಕಿಯಾಟಕ್ಕೆ ಏಟು ಕೊಡುವ ಮನೆ ಮಗುವಿಗೆ ಕಲಿಸುವುದು ಗೀರಬಾರದೆಂಬುದನ್ನಲ್ಲ, ಗೀರಿದ್ದನ್ನು ಹೇಳಬಾರದೆಂಬುದನ್ನು.

ಹೆತ್ತವರೇ, ಮೊದಲ ದಿನ ನಿಮ್ಮ ಕೈಯಲ್ಲಿದೆ. ಬೆಂಕಿ ಆರಿದ್ದರೂ ಅಗ್ನಿಶಾಮಕ ಠಾಣೆಗೆ ತಿಳಿಸಿ. ಹಾಸಿಗೆಯ ಒಳಪದರದಲ್ಲಿ ಕಿಡಿ ಗಂಟೆಗಟ್ಟಲೆ ಕುಳಿತು ಮತ್ತೆ ಹೊತ್ತಿಕೊಳ್ಳಬಲ್ಲದು. ಮಗುವಿನ ಮೈ ಸುಟ್ಟಿದ್ದರೆ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ತಕ್ಷಣ ಆಗಲಿಲ್ಲವೆಂದರೂ ಮೂರು ಗಂಟೆಯೊಳಗೆ ಮಾಡಿದರೆ ಉಪಯೋಗವಿದೆ. ಗಾಯದ ಜಾಗವನ್ನಷ್ಟೇ ನೀರಿಗೊಡ್ಡಿ, ಉಳಿದ ಮೈ ಬೆಚ್ಚಗಿರಲಿ. ಮಂಜುಗಡ್ಡೆ, ಬೆಣ್ಣೆ, ಟೂತ್‌ಪೇಸ್ಟ್ ಬೇಡ. ಚಿಕ್ಕ ಮಕ್ಕಳ ಸುಟ್ಟಗಾಯವನ್ನು, ಮುಖ, ಕೈ ಅಥವಾ ಗುಪ್ತಾಂಗದ ಮೇಲಿನದ್ದನ್ನು ವೈದ್ಯರೇ ನೋಡಬೇಕು. ನಂತರ ಮನೆ ಹುಡುಕಿ. ಮಂಚದಡಿ ಸುಟ್ಟ ಕಡ್ಡಿಗಳು, ಚಾಪೆಯಲ್ಲಿ ಕಪ್ಪು ತೂತು, ಕರಗಿದ ಆಟಿಕೆ, ಪುಸ್ತಕದ ಸುಟ್ಟ ಅಂಚು, ಚೀಲದ ಮೂಲೆಯಲ್ಲಿ ಲೈಟರ್ ಸಿಗಬಹುದು. ಸಿಕ್ಕಿಬಿದ್ದದ್ದು ಮೊದಲನೆಯ ಬೆಂಕಿ ಆಗಿರದಿರುವ ಸಾಧ್ಯತೆ ಹೆಚ್ಚು. ಸಿಕ್ಕಿದ್ದನ್ನು ಮಗುವಿನ ಮುಖಕ್ಕೆ ಹಿಡಿದು ಗದರಬೇಡಿ. ಎಲ್ಲಿ ಏನು ಸಿಕ್ಕಿತೆಂದು ಬರೆದಿಟ್ಟುಕೊಳ್ಳಿ, ವಿಚಾರಿಸುವವರಿಗೆ ಬೇಕಾಗುತ್ತದೆ.

ಬೆರಳನ್ನು ಉರಿಗೆ ತಾಗಿಸಿ "ಬುದ್ಧಿ ಬರಲಿ" ಎನ್ನುವುದು ಮಗುವಿನ ಮೇಲಿನ ಹಿಂಸೆ, ಬೇರೆ ಮಾತಿಲ್ಲ. ಇಡೀ ಪೊಟ್ಟಣ ಕೊಟ್ಟು ಬೇಸರ ಬರುವ ತನಕ ಗೀರಿಸುವ ಒಂದು ಹಳೆಯ ವಿಧಾನವಿತ್ತು, ಹಿಂದೆ ಚಿಕಿತ್ಸಕರೂ ಬಳಸಿದ್ದರು. ಇಂದು ಯಾರೂ ಅದನ್ನು ಸಲಹೆ ಮಾಡುವುದಿಲ್ಲ. ಅದರಿಂದ ಮಗುವಿನ ಕೈ ಪಳಗುತ್ತದೆ, ಭಯ ಹೋಗುತ್ತದೆ, ಕಾರಣ ಹಾಗೇ ಉಳಿಯುತ್ತದೆ.

ಇನ್ನು ಈ ಪತ್ರದ ನಡುಭಾಗ, ಅಂದರೆ ವಿಚಾರಣೆ. ಎಲ್ಲಕ್ಕಿಂತ ಹೆಚ್ಚು ತಪ್ಪು ಆಗುವುದು ಇಲ್ಲೇ. ಮಗುವನ್ನು ಮಾತಾಡಿಸುವವರು ಶಿಕ್ಷೆ ಕೊಡುವ ಅಧಿಕಾರ ಇರುವವರಾಗಿರಬಾರದು. ಹೆತ್ತವರು ಮತ್ತು ಮಗು ಇಬ್ಬರನ್ನೂ ಬೇರೆಬೇರೆಯಾಗಿ ಕೇಳಬೇಕು, ಹೆತ್ತವರ ಒಪ್ಪಿಗೆ ಮೊದಲೇ ಲಿಖಿತವಾಗಿ ಪಡೆದಿರಬೇಕು. ಮಾತು ಶುರುವಾಗುವ ಮುನ್ನ ಮಗುವಿಗೆ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು: "ನೀನು ಹೇಳಿದ್ದನ್ನು ಊರಿಗೆಲ್ಲ ಹೇಳುವುದಿಲ್ಲ. ಆದರೆ ನಿನಗೆ ಯಾರಾದರೂ ನೋವು ಮಾಡುತ್ತಿದ್ದರೆ, ಅಥವಾ ನಿನಗೆ ನೀನೇ ನೋವು ಮಾಡಿಕೊಳ್ಳುವ ಯೋಚನೆ ಇದ್ದರೆ, ನಿನ್ನನ್ನು ಕಾಪಾಡಲು ನಾನು ಇನ್ನೊಬ್ಬರಿಗೆ ಹೇಳಲೇಬೇಕು." ಈ ಮಾತು ಬಿಟ್ಟು ರಹಸ್ಯದ ಭರವಸೆ ಕೊಟ್ಟರೆ ಮುಂದೆ ಅದನ್ನು ಮುರಿಯಬೇಕಾಗುತ್ತದೆ, ಮಗು ಮತ್ತೆ ಯಾರನ್ನೂ ನಂಬುವುದಿಲ್ಲ.

"ಯಾಕೆ ಹಚ್ಚಿದೆ?" ಎಂದು ಕೇಳಬೇಡಿ. ಆ ಪ್ರಶ್ನೆಗೆ ಬರುವ ಉತ್ತರ "ಗೊತ್ತಿಲ್ಲ" ಅಥವಾ ಮೌನ. "ಅವತ್ತು ಬೆಳಿಗ್ಗೆ ಎದ್ದಾಗಿನಿಂದ ಹೇಳು" ಎಂದರೆ ಮಾತು ಬರುತ್ತದೆ. ತೀರಾ ಚಿಕ್ಕವರಿಗೆ ಕಾಗದ, ಬಣ್ಣದ ಕಡ್ಡಿ ಕೊಟ್ಟರೆ ಬೆಂಕಿ ಎಲ್ಲಿತ್ತು, ತಾನೆಲ್ಲಿದ್ದೆ, ಅಮ್ಮ ಎಲ್ಲಿದ್ದರು ಎಂದು ಬಿಡಿಸಿ ತೋರಿಸುತ್ತಾರೆ. ತಿಳಿಯಬೇಕಾದ್ದು ಇಷ್ಟು. ಹೊತ್ತಿಸಿದ್ದು ಯಾವುದರಿಂದ, ಅದು ಎಲ್ಲಿಂದ ಸಿಕ್ಕಿತು, ಸಿಕ್ಕ ಕೂಡಲೇ ಬಳಸಿದ್ದೋ ಬಚ್ಚಿಟ್ಟುಕೊಂಡದ್ದೋ. ಒಬ್ಬನೇ ಇದ್ದನೋ, ಜೊತೆಗಿದ್ದವರಲ್ಲಿ ಮೊದಲು ಮಾತೆತ್ತಿದ್ದು ಯಾರು. ಏನನ್ನು ಸುಟ್ಟ, ಅದು ಯಾರ ವಸ್ತು. ಎಷ್ಟು ದೊಡ್ಡದಾಗಬೇಕೆಂದಿದ್ದ, ಎಷ್ಟಾಯಿತು. ಉರಿ ಎದ್ದಾಗ ಆರಿಸಿದನೋ, ಓಡಿದನೋ, ನಿಂತು ನೋಡಿದನೋ, ಯಾರಿಗೆ ಹೇಳಿದ. ಅದಕ್ಕೆ ಮುಂಚಿನ ಗಂಟೆಯಲ್ಲಿ ಏನಾಗಿತ್ತು. ದೊಡ್ಡವರು ಏನು ಮಾಡಿದರು. ಇದೇ ಪ್ರಶ್ನೆಗಳನ್ನು ಮೊದಲ ಬೆಂಕಿಗೂ, ಎಲ್ಲಕ್ಕಿಂತ ದೊಡ್ಡದಕ್ಕೂ, ಕೊನೆಯದಕ್ಕೂ ಕೇಳಬೇಕು. ಕೊನೆಯದೊಂದನ್ನೇ ಕೇಳಿ ಕಡತ ಮುಚ್ಚುವುದು ನಾವು ಕಾಣುವ ಅತಿ ಸಾಮಾನ್ಯ ಲೋಪ.

ಹೆತ್ತವರನ್ನು ಕೇಳಬೇಕಾದ್ದು ಬೇರೆ. ಕಳೆದ ಒಂದು ವರ್ಷದಲ್ಲಿ ಮನೆಯಲ್ಲಿ ಏನೇನು ಬದಲಾಯಿತು? ಶಾಲೆಯಿಂದ ಬಂದ ಮೇಲೆ ಮಗುವಿನ ಜೊತೆ ಯಾರಿರುತ್ತಾರೆ? ಮನೆಯಲ್ಲಿ ಎಷ್ಟು ಲೈಟರ್, ಎಷ್ಟು ಬೆಂಕಿಪೊಟ್ಟಣ, ಎಲ್ಲಿಡುತ್ತೀರಿ? ಮಗುವನ್ನೇ ಕಳಿಸಿ ಲೈಟರ್ ತರಿಸಿಕೊಳ್ಳುವ ರೂಢಿ ಇದೆಯೇ? ನಿದ್ದೆ, ಊಟ, ಶಾಲೆ ಹೇಗಿದೆ? ಮನೆಯಲ್ಲಿ ಹೊಡೆದಾಟ, ಕುಡಿತ ಇದೆಯೇ? ಮೈಮೇಲೆ ಕಾರಣ ಹೇಳಲಾಗದ ಗಾಯಗಳಿವೆಯೇ? ಈ ಕೊನೆಯ ಪ್ರಶ್ನೆಗಳಿಗೆ ಸಂಕೋಚಪಟ್ಟು ಅವನ್ನು ಬಿಟ್ಟುಬಿಡುವ ಅಧಿಕಾರಿಗಳಿದ್ದಾರೆ. ಹಿಂಸೆಗೊಳಗಾದ ಮಕ್ಕಳಲ್ಲಿ ಬೆಂಕಿ ಹಚ್ಚುವಿಕೆ ಹೆಚ್ಚು ಮತ್ತು ತೀವ್ರ ಎಂಬುದು ಸಂಶೋಧನೆಯಲ್ಲಿ ಕಂಡ ಸಂಗತಿ. ಕೇಳದೆ ಬಿಟ್ಟರೆ ಮಗುವನ್ನು ಮರಳಿ ಅದೇ ಕೈಗೆ ಒಪ್ಪಿಸಿದ ಹಾಗಾಗುತ್ತದೆ.

ಎಂಟು-ಹತ್ತು ವರ್ಷ ದಾಟಿದವರಿಗೆ ಒಂದು ಸರಳ ನಕ್ಷೆ ತುಂಬ ಸಹಾಯ ಮಾಡುತ್ತದೆ. ಅಮೆರಿಕದ ಚಿಕಿತ್ಸಕರು 1983ರಲ್ಲಿ ಪ್ರಕಟಿಸಿದ ವಿಧಾನವಿದು. ಕಾಗದದ ಕೆಳಗೆ ಅಡ್ಡಗೆರೆ ಎಳೆದು ಅದರ ಮೇಲೆ ಆ ದಿನದ ಘಟನೆಗಳನ್ನು ಒಂದಾದ ಮೇಲೊಂದರಂತೆ ಬರೆಯಿರಿ: ಅಪ್ಪನ ಫೋನ್ ಬಂದದ್ದು, ಜಗಳ, ಕೋಣೆಗೆ ಹೋದದ್ದು, ಲೈಟರ್ ಸಿಕ್ಕಿದ್ದು, ಉರಿ, ಜನ ಬಂದದ್ದು. ಎಡಕ್ಕೆ ನಿಲುಗೆರೆ ಎಳೆದು ಪ್ರತಿ ಘಟನೆಯ ಹೊತ್ತಿನ ಭಾವನೆ ಎಷ್ಟು ಎತ್ತರವಿತ್ತೆಂದು ಮಗುವಿನಿಂದಲೇ ಗುರುತು ಹಾಕಿಸಿ. ಸಿಟ್ಟಿಗೊಂದು ಬಣ್ಣ, ದುಃಖಕ್ಕೊಂದು, ಒಂಟಿತನಕ್ಕೊಂದು. ಕಡ್ಡಿ ಗೀರುವ ಹೊತ್ತಿಗೆ ಯಾವ ಗೆರೆ ಮೇಲಿತ್ತು, ಉರಿ ಕಂಡ ಮೇಲೆ ಯಾವುದು ಇಳಿಯಿತು ಎಂಬುದು ಮಗುವಿಗೇ ಕಾಣುತ್ತದೆ. ಗೆರೆ ಏರುವ ಜಾಗದಲ್ಲಿ ಬೇರೇನು ಮಾಡಬಹುದಿತ್ತು, ಯಾರನ್ನು ಕರೆಯಬಹುದಿತ್ತು ಎಂದು ಅಲ್ಲೇ ಬರೆಸಿ, ಕಾಗದ ಅವನ ಬಳಿಯೇ ಇರಲಿ.

ಕೇಳಿದ್ದಾದ ಮೇಲೆ ತೀರ್ಮಾನ. ಇಲ್ಲಿ ಒಂದು ಭ್ರಮೆ ಎಲ್ಲ ಕಡೆ ಇದೆ: ಬೆಂಕಿ ದೊಡ್ಡದಾದರೆ ಮಗುವಿನ ತೊಂದರೆಯೂ ದೊಡ್ಡದು, ಸಣ್ಣದಾದರೆ ಸಣ್ಣದು ಎಂದು. ಬೆಂಕಿಯ ಗಾತ್ರವನ್ನು ತೀರ್ಮಾನಿಸುವುದು ಹತ್ತಿರದ ಪರದೆ, ತೆರೆದ ಕಿಟಕಿ, ಬೀಸಿದ ಗಾಳಿ. ಐದು ವರ್ಷದ ಮಗುವಿನ ಕುತೂಹಲ ಇಡೀ ಮನೆಯನ್ನೇ ಸುಡಬಹುದು. ಹದಿಮೂರರ ಹುಡುಗಿ ತಮ್ಮನ ದಿಂಬಿನಡಿ ಹಚ್ಚಿದ್ದು ತಾನಾಗಿಯೇ ಆರಿಹೋಗಿರಬಹುದು. ತುರ್ತಾಗಿ ನೋಡಬೇಕಾದ್ದು ಎರಡನೆಯದನ್ನು.

ಒಂದೆರಡು ಸಲ, ಕೈಗೆ ಸಿಕ್ಕ ಕಾಗದ, ಯಾರ ಮೇಲೂ ಗುರಿಯಿಲ್ಲ, ಹೆದರಿ ಆರಿಸಲು ನೋಡಿದ್ದಾನೆ, ಮನೆಯವರು ಗಮನ ಕೊಡುತ್ತಿದ್ದಾರೆ ಎಂದಾದರೆ ಬೆಂಕಿ ಸುರಕ್ಷತೆಯ ಪಾಠ ಮತ್ತು ಮನೆಯ ತಪಾಸಣೆ ಸಾಕು. ಪಾಠವಾದ ಮೇಲೂ ಮರುಕಳಿಸಿದರೆ, ಜಗಳ ಅಥವಾ ದುಃಖದ ಬೆನ್ನಿಗೇ ಬೆಂಕಿ ಬರುತ್ತಿದ್ದರೆ, ಒಂಟಿಯಾಗಿ, ಬಚ್ಚಿಟ್ಟು ಮಾಡುತ್ತಿದ್ದರೆ ಪಾಠದ ಜೊತೆಗೇ ಆಪ್ತಸಮಾಲೋಚನೆ ಬೇಕು. ಜನ ಮಲಗಿರುವ ಕೋಣೆಯಲ್ಲಿ ಹಚ್ಚಿದ್ದರೆ, ಪೆಟ್ರೋಲ್‌ನಂಥದ್ದನ್ನು ತಂದಿದ್ದರೆ, ಸಾಯುವ ಅಥವಾ ತನ್ನನ್ನೇ ಸುಟ್ಟುಕೊಳ್ಳುವ ಮಾತಾಡಿದರೆ, ಯಾರೋ ಹಚ್ಚು ಎನ್ನುವ ದನಿ ಕೇಳಿಸುತ್ತದೆಂದರೆ, ಮತ್ತೆ ಮಾಡುತ್ತೇನೆ ಎಂದರೆ, ದೌರ್ಜನ್ಯದ ಗುರುತು ಕಂಡರೆ ಅಂದೇ ಮಕ್ಕಳ ಮನೋವೈದ್ಯರಿಗೆ ಮತ್ತು ಮಕ್ಕಳ ರಕ್ಷಣೆಯವರಿಗೆ ತಿಳಿಸಬೇಕು. ಆ ರಾತ್ರಿ ಮಗು ಒಂಟಿಯಾಗಿ ಮಲಗಬಾರದು. ಮಧ್ಯದ ಗುಂಪಿನ ಬಗ್ಗೆ ಒಂದು ಎಚ್ಚರಿಕೆ: ಸಮಾಲೋಚಕರ ಸಮಯ ಸಿಗಲು ವಾರಗಳಾಗಬಹುದು, ಅಲ್ಲಿಯ ತನಕ ಪಾಠ ನಿಲ್ಲಿಸಬೇಡಿ. ಲೈಟರ್ ಮನೆಯಲ್ಲೇ ಇರುತ್ತದೆ.

ಪಾಠ ಎಂದರೆ ಒಂದು ದಿನದ ಉಪದೇಶ ಅಲ್ಲ. 2001ರಲ್ಲಿ ಡೇವಿಡ್ ಕೋಲ್ಕೊ ಎಂಬ ಸಂಶೋಧಕರು ಬೆಂಕಿ ಹಚ್ಚಿದ ಗಂಡುಮಕ್ಕಳಲ್ಲಿ ಮೂರು ಉಪಾಯಗಳನ್ನು ಹೋಲಿಸಿ ನೋಡಿದರು. ಆಲೋಚನೆ ಮತ್ತು ನಡವಳಿಕೆ ತಿದ್ದುವ ಚಿಕಿತ್ಸೆ, ಕ್ರಮಬದ್ಧ ಬೆಂಕಿ ಸುರಕ್ಷತೆಯ ಪಾಠ, ಅಗ್ನಿಶಾಮಕರ ಚುಟುಕು ಮನೆಭೇಟಿ. ಮೊದಲೆರಡೂ ಮನೆಭೇಟಿಗಿಂತ ಹೆಚ್ಚು ಫಲ ಕೊಟ್ಟವು. ಹಾಗಾಗಿ "ಬಂದು ಸ್ವಲ್ಪ ಹೆದರಿಸಿ ಹೋಗಿ ಸರ್" ಎಂಬ ಕೋರಿಕೆಗೆ ಒಪ್ಪಬೇಡಿ. ವಾರಕ್ಕೊಂದರಂತೆ ಮೂರು ನಾಲ್ಕು ಭೇಟಿ, ಪ್ರತಿಯೊಂದೂ ಮುಕ್ಕಾಲು ಗಂಟೆ, ಪ್ರತಿ ಸಲವೂ ಹೆತ್ತವರಲ್ಲಿ ಒಬ್ಬರು ಹಾಜರಿದ್ದು ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸವನ್ನು ಒಪ್ಪಿಕೊಳ್ಳಬೇಕು.

ಮೂರರಿಂದ ಆರು ವರ್ಷದವರಿಗೆ ಹೇಳಬೇಕಾದ್ದು ಒಂದೇ ನಿಯಮ: ಕಡ್ಡಿ, ಲೈಟರ್ ದೊಡ್ಡವರ ಸಾಮಾನು, ಕಂಡರೆ ಮುಟ್ಟಬೇಡ, ದೊಡ್ಡವರನ್ನು ಕರೆ. "ತಂದು ಕೊಡು" ಎಂದು ಈ ವಯಸ್ಸಿಗೆ ಹೇಳಬಾರದು, ತರುವ ದಾರಿಯಲ್ಲೇ ಅದು ಕೈಯಲ್ಲಿರುತ್ತದೆ. ಆಟಿಕೆಯ ಚಿತ್ರಗಳನ್ನೂ ಬಿಸಿ ಸಾಮಾನಿನ ಚಿತ್ರಗಳನ್ನೂ ಬೆರೆಸಿ ಕೊಟ್ಟು ಬೇರ್ಪಡಿಸುವ ಆಟ ಆಡಿಸಿ. ಕರೆದು ಹೇಳಿದ ಮಗುವನ್ನು ಅಲ್ಲೇ ಹೊಗಳಿ. ಬಟ್ಟೆಗೆ ಬೆಂಕಿ ತಗುಲಿದರೆ ಓಡದೆ ನಿಲ್ಲುವುದು, ನೆಲಕ್ಕೆ ಮಲಗುವುದು, ಮುಖ ಮುಚ್ಚಿ ಉರುಳುವುದು, ಹೊಗೆಯಿದ್ದರೆ ಬಗ್ಗಿ ತೆವಳಿ ಹೊರಗೆ ಹೋಗುವುದು, ಅಡಗದಿರುವುದು: ಇವನ್ನು ಬಾಯಲ್ಲಿ ಹೇಳಿಸದೆ ಮೈಯಲ್ಲಿ ಮಾಡಿಸಬೇಕು.

ಏಳರಿಂದ ಹನ್ನೊಂದರವರಿಗೆ ಬೆಂಕಿಯ ವಿಜ್ಞಾನ ಇಷ್ಟ. ಶಾಖ, ಉರುವಲು, ಆಮ್ಲಜನಕ ಮೂರೂ ಸೇರಿದರೆ ಉರಿ, ಒಂದನ್ನು ತೆಗೆದರೆ ಇಲ್ಲ. ಆದರೆ ಅವರ ತಪ್ಪು ನಂಬಿಕೆಗಳನ್ನು ಮೊದಲು ಹೊರಗೆಳೆಯಬೇಕು: "ಬಚ್ಚಲಲ್ಲಿ ಹಚ್ಚಿದರೆ ಏನಾಗಲ್ಲ", "ಕಾಲಲ್ಲಿ ತುಳಿದರೆ ಆರುತ್ತೆ", "ನನಗೆ ಕಂಟ್ರೋಲ್ ಗೊತ್ತು". ಮನೆಯ ನಕ್ಷೆ ಬರೆಸಿ, ಪ್ರತಿ ಕೋಣೆಯಿಂದ ಎರಡು ದಾರಿ, ಹೊರಗೆ ಸೇರುವ ಒಂದು ಜಾಗ ಗುರುತಿಸಿ, ವರ್ಷಕ್ಕೆ ಎರಡು ಸಲವಾದರೂ, ಒಮ್ಮೆ ರಾತ್ರಿ ಹೊತ್ತು, ಮನೆಮಂದಿಯೆಲ್ಲ ಅಭ್ಯಾಸ ಮಾಡಲಿ. ಬೆಂಕಿ ಹಚ್ಚಿದ ಮಗುವಿಗೇ ಆ ಅಭ್ಯಾಸ ನಡೆಸುವ ಜವಾಬ್ದಾರಿ ಕೊಟ್ಟರೆ ಬೆಂಕಿಯ ಜೊತೆ ಅದಕ್ಕೊಂದು ಬೇರೆ ನಂಟು ಸಿಗುತ್ತದೆ.

ಹದಿಹರೆಯದವರಿಗೆ ಚಿತ್ರ ಬರೆಸಿದರೆ ಎದ್ದು ಹೋಗುತ್ತಾರೆ. ಅವರೊಡನೆ ನಿಜ ಮಾತಾಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ಹರಿದು ದೂರದ ಕಿಡಿಗೂ ಹೊತ್ತಿ ಹಿಂದಕ್ಕೆ ಓಡಿಬರುತ್ತದೆ. ಸ್ಯಾನಿಟೈಸರ್‌ನ ಆಲ್ಕೊಹಾಲ್ ಉರಿ ಹಗಲಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ, ಆರಿತೆಂದು ಮತ್ತೆ ಸುರಿದಾಗ ಉರಿ ಬಾಟಲಿಗೆ ಏರುತ್ತದೆ. ಸ್ಪ್ರೇ ಡಬ್ಬಿ ಬಿಸಿಯಾದರೆ ಸಿಡಿಯುತ್ತದೆ. ವಿಡಿಯೊದಲ್ಲಿ ಕಾಣುವುದು ಹತ್ತು ಸೆಕೆಂಡು, ನಂತರದ ಆಸ್ಪತ್ರೆ ಕಾಣುವುದಿಲ್ಲ. ಆ ದಿನ "ಬೇಡ ಬಿಡ್ರೋ" ಎನ್ನಬಹುದಾಗಿದ್ದ ಗಳಿಗೆ ಯಾವುದು, ಗೆಳೆಯರೆದುರು ಮುಖ ಕೆಡದಂತೆ ಹೇಗೆ ಹೇಳಬಹುದಿತ್ತು ಎಂದು ಮಾತು ಮಾತಾಗಿ ಅಭ್ಯಾಸ ಮಾಡಿಸಿ. ಹಾನಿಯಾದವರಿಗೆ ಪತ್ರ ಬರೆಯುವುದು, ತೊಳೆದು ಕೊಡುವುದು, ಬಣ್ಣ ಬಳಿಯುವುದು ಮುಂತಾದ ತೀರಿಸುವ ಕೆಲಸ ಅವರಿಗೆ ಬೇಕು.

ಸುಟ್ಟ ದೇಹಗಳ ಚಿತ್ರ ತೋರಿಸಬೇಡಿ. ಹೆದರಿದ ಚಿಕ್ಕ ಮಗು ರಾತ್ರಿ ಕಿರುಚುತ್ತದೆ, ಹೆದರದ ದೊಡ್ಡವನಿಗೆ ಅದೇ ಆಕರ್ಷಣೆ. ಅಗ್ನಿಶಾಮಕ ವಾಹನದಲ್ಲಿ ಸುತ್ತಿಸಿ, ಹೆಲ್ಮೆಟ್ ತೊಡಿಸಿ ಖುಷಿಪಡಿಸುವುದೂ ಬೇಡ. ಬೆಂಕಿ ಹಚ್ಚಿದ್ದಕ್ಕೆ ಬಹುಮಾನ ಸಿಕ್ಕಿತೆಂದು ಮಗು ಓದಿಕೊಳ್ಳುತ್ತದೆ. ಕುತೂಹಲಕ್ಕೆ ಗೀರಿದ ಏಳರ ಹುಡುಗನನ್ನೂ ಸೇಡಿಗೆ ಹಚ್ಚಿದ ಹದಿನೈದರವನನ್ನೂ ಒಂದೇ ಗುಂಪಿನಲ್ಲಿ ಕೂರಿಸಬೇಡಿ. ಕಿರಿಯವನು ಹಿರಿಯವನಿಂದ ಕಲಿಯುತ್ತಾನೆ.

ಆಟಿಸಂ ಅಥವಾ ಬೌದ್ಧಿಕ ಹಿನ್ನಡೆ ಇರುವ ಮಕ್ಕಳಿಗೆ ಇದರಲ್ಲಿ ಬಹುಪಾಲು ಹಾಗೇ ಹೊಂದುವುದಿಲ್ಲ. ಕೆಲವರನ್ನು ಸೆಳೆಯುವುದು ಉರಿಯ ಮಿನುಗು, ಅದರ ಕುಣಿತ, ಲೈಟರಿನ ಕ್ಲಿಕ್ ಸದ್ದು. ಅದೇ ಅನುಭವವನ್ನು ಶಾಖವಿಲ್ಲದೆ ಕೊಡುವ ಮಿನುಗುದೀಪ ಅಥವಾ ಒತ್ತುವ ಆಟಿಕೆ ಕೊಟ್ಟು, ನಿಯಮವನ್ನು ಒಂದೊಂದೇ ಚಿತ್ರಪಟದಲ್ಲಿ, ಪ್ರತಿದಿನ ಅದೇ ಪದಗಳಲ್ಲಿ ಹೇಳಬೇಕು. "ಸಾಮಾನ್ಯವಾಗಿ", "ಕೆಲವೊಮ್ಮೆ" ಎಂಬ ಪದಗಳು ಅಲ್ಲಿ ಬೇಡ.

ಮನೆಯ ತಪಾಸಣೆ ಹೀಗೆ. ಲೈಟರ್, ಬೆಂಕಿಪೊಟ್ಟಣ ಎಣಿಸಿ, ಬೇಕಾದ್ದನ್ನು ಮಾತ್ರ ಉಳಿಸಿ ಬೀಗದೊಳಗಿಡಿ. ಎತ್ತರದ ಕಪಾಟು ಸಾಲದು, ಮಕ್ಕಳು ಕುರ್ಚಿ ಎಳೆಯುತ್ತಾರೆ. ತೊಟ್ಟ ಅಂಗಿಯ ಜೇಬು, ಕೈಚೀಲ, ವಾಹನದ ಡಬ್ಬಿ ಮರೆಯಬೇಡಿ. "ಮಕ್ಕಳಿಗೆ ಒತ್ತಲಾಗದ" ಲೈಟರ್ ಇದೆಯೆಂದು ನಿಶ್ಚಿಂತರಾಗುವವರಿಗೆ ಒಂದು ಮಾತು. 1994ರ ಜುಲೈನಿಂದ ಅಮೆರಿಕದಲ್ಲಿ ಬಳಸಿ ಎಸೆಯುವ ಲೈಟರ್‌ಗಳಿಗೆ ಕಡ್ಡಾಯವಾದ ನಿಯಮ ಕೇಳುವುದು, ಪರೀಕ್ಷೆಗೆ ಕೂತ 42ರಿಂದ 51 ತಿಂಗಳ ಮಕ್ಕಳಲ್ಲಿ ಶೇ. 85ರಷ್ಟು ಜನರಿಗೆ ಅದು ಹೊತ್ತಿಸಲು ಬಾರದಿರಬೇಕೆಂದು. ಐರೋಪ್ಯ ಒಕ್ಕೂಟವೂ 2006ರಲ್ಲಿ ಇಂಥದ್ದೇ ತೀರ್ಮಾನ ಮಾಡಿತು. ಈ ನಿಯಮಗಳು ಜೀವ ಉಳಿಸಿವೆ, ಅವು ಇಲ್ಲದ ದೇಶಗಳು ತರಲೇಬೇಕು. ಆದರೆ ನೂರಕ್ಕೆ ಹದಿನೈದು ಮಕ್ಕಳು ಹೊತ್ತಿಸಿದರೂ ಲೈಟರ್ ಪರೀಕ್ಷೆ ಪಾಸಾಗುತ್ತದೆ, ಐದು ವರ್ಷದವರ ಮೇಲೆ ಅದರ ಪರೀಕ್ಷೆಯೇ ಆಗಿರುವುದಿಲ್ಲ. ಮಲಗುವ ಕೋಣೆಗಳಲ್ಲಿ ಮತ್ತು ಪ್ರತಿ ಅಂತಸ್ತಿನಲ್ಲಿ ಹೊಗೆ ಪತ್ತೆ ಮಾಡುವ ಅಲಾರಂ ಇರಲಿ, ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಿ. ಬಚ್ಚಿಟ್ಟು ಹಚ್ಚುವ ಮಕ್ಕಳು ಅದರ ಬ್ಯಾಟರಿ ತೆಗೆದಿಡುವುದುಂಟು, ಅದನ್ನೂ ಗಮನಿಸಿ.

ಶಾಲೆಗಳ ಮುಖ್ಯಸ್ಥರೇ, ಶೌಚಾಲಯದ ಕಸದ ಬುಟ್ಟಿ ಸುಟ್ಟ ಹುಡುಗನನ್ನು ಎರಡು ವಾರ ಹೊರಗಿಡುವುದೆಂದರೆ, ಮನೆಯಲ್ಲಿ ಯಾರೂ ಇಲ್ಲದ ಹಗಲುಗಳನ್ನು ಅವನ ಕೈಗೆ ಕೊಡುವುದು. ಅಗತ್ಯವಿದ್ದರೆ ಶಾಲೆಯೊಳಗೇ ಪ್ರತ್ಯೇಕವಾಗಿರಿಸಿ, ಅದೇ ದಿನ ಅಗ್ನಿಶಾಮಕ ಠಾಣೆಯ ನಿಯೋಜಿತರಿಗೆ ತಿಳಿಸಿ. ಪ್ರಾರ್ಥನಾ ಸಭೆಯಲ್ಲಿ ಹೆಸರು ಹಿಡಿದು ಮಾತಾಡಬೇಡಿ.

ಪೊಲೀಸ್ ಅಧಿಕಾರಿಗಳಲ್ಲಿ ನಮ್ಮ ಕೋರಿಕೆ ಚಿಕ್ಕದು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 40ನೆಯ ವಿಧಿ, ಸಾಧ್ಯವಿದ್ದಲ್ಲೆಲ್ಲ ಮಕ್ಕಳನ್ನು ನ್ಯಾಯಾಲಯದ ಹೊರಗೇ ನಿಭಾಯಿಸಲು ಹೇಳುತ್ತದೆ. ಅದರ ಸಮಿತಿ 2019ರಲ್ಲಿ ಅಪರಾಧ ಹೊಣೆಗಾರಿಕೆಯ ಕನಿಷ್ಠ ವಯಸ್ಸು 14ಕ್ಕಿಂತ ಕೆಳಗಿರಬಾರದೆಂದು ಪ್ರೋತ್ಸಾಹಿಸಿದೆ. ಪ್ರಕರಣ ದಾಖಲಾಗಲೇಬೇಕಾದ ಸಂದರ್ಭದಲ್ಲೂ ಈ ಕಾರ್ಯಕ್ರಮಕ್ಕೆ ಕಳಿಸುವುದನ್ನು ತಡಮಾಡಬೇಡಿ.

ಕೊನೆಗೆ ಆಡಳಿತಕ್ಕೆ. ಬ್ರಿಟನ್, ನ್ಯೂಜಿಲೆಂಡ್ ಹಾಗೂ ಆಸ್ಟ್ರೇಲಿಯಾದ ಅಗ್ನಿಶಾಮಕ ಸೇವೆಗಳು ಇಂಥ ಕಾರ್ಯಕ್ರಮಗಳನ್ನು ನಡೆಸುತ್ತ ಬಂದಿವೆ, ಮಾದರಿ ಹುಡುಕಲು ಸಮಯ ಕಳೆಯಬೇಕಿಲ್ಲ. ಪ್ರತಿ ದೊಡ್ಡ ಠಾಣೆಯಲ್ಲಿ ಇಬ್ಬರಿಗೆ ತರಬೇತಿ ಕೊಡಿ, ಒಬ್ಬರು ರಜೆಯಲ್ಲಿದ್ದರೂ ಕರೆ ಬಿದ್ದುಹೋಗಬಾರದು. ಹೆತ್ತವರು ಹೆಸರಿನ ಭಯವಿಲ್ಲದೆ ಕರೆಯಬಹುದಾದ ಒಂದು ದೂರವಾಣಿ ಸಂಖ್ಯೆಯಿರಲಿ, ಅದಕ್ಕೆ ಬಂದ ಕರೆ ತಾನಾಗಿ ಪೊಲೀಸ್ ದೂರಾಗುವುದಿಲ್ಲ ಎಂಬುದು ಬರವಣಿಗೆಯಲ್ಲಿರಲಿ. ಕರೆ ಬಂದ 48 ಗಂಟೆಯೊಳಗೆ ಮಗುವನ್ನು ಭೇಟಿಯಾಗಬೇಕು. ಅಗ್ನಿಶಾಮಕ ಸೇವೆ, ಶಾಲೆ, ಆಸ್ಪತ್ರೆ, ಮಕ್ಕಳ ರಕ್ಷಣೆ, ಪೊಲೀಸ್ ಐವರೂ ಸಹಿ ಹಾಕಿದ ಒಂದು ಪುಟದ ಒಪ್ಪಂದದಲ್ಲಿ ಯಾವ ಮಾಹಿತಿ ಯಾರ ಜೊತೆ ಹಂಚಬಹುದು, ಯಾವುದನ್ನು ಹಂಚಬಾರದು ಎಂದು ನಮೂದಿಸಿ. ಮಗುವಿನ ಕಡತ ಬೀಗದೊಳಗಿರಲಿ, ಶಾಲೆಯ ದಾಖಲೆಗೆ ಅಂಟದಿರಲಿ. ಪಾಠ ಮುಗಿದ ಒಂದು ತಿಂಗಳಿಗೆ, ಆರು ತಿಂಗಳಿಗೆ, ಒಂದು ವರ್ಷಕ್ಕೆ ಅದೇ ವ್ಯಕ್ತಿ ಕರೆಮಾಡಿ ಹೆತ್ತವರನ್ನೂ ಮಗುವನ್ನೂ ಬೇರೆಬೇರೆಯಾಗಿ ಕೇಳಲಿ: ಮತ್ತೆ ಹಚ್ಚಿದ್ದುಂಟೇ, ಕಡ್ಡಿ ಎಲ್ಲಿಟ್ಟಿದ್ದೀರಿ, ಮನೆಯಲ್ಲಿ ಹೊಸದೇನಾಯಿತು? ಕಾರ್ಯಕ್ರಮ ಕೆಲಸ ಮಾಡುತ್ತಿದೆಯೇ ಎಂಬುದನ್ನು ನಡೆದ ಭೇಟಿಗಳ ಲೆಕ್ಕದಿಂದ ಅಳೆಯಬೇಡಿ. ವರ್ಷದ ಕರೆಗೆ ಬಂದ ಉತ್ತರಗಳಿಂದ ಅಳೆಯಿರಿ.

ಪ್ರಶ್ನಾವಳಿಯ ಕರಡು, ತರಬೇತಿಯ ಪಾಠಕ್ರಮ, ಒಪ್ಪಂದದ ನಮೂನೆ ಮೂರನ್ನೂ ಸಿದ್ಧಪಡಿಸಿಕೊಡಲು ನಾವು ತಯಾರಿದ್ದೇವೆ. ನಿಮ್ಮ ಠಾಣೆ, ನಿಮ್ಮ ಶಾಲೆ, ನಿಮ್ಮ ಆಸ್ಪತ್ರೆಯಿಂದ ಇದಕ್ಕೆ ನಿಯೋಜಿಸುವವರ ಹೆಸರನ್ನು ನಮಗೆ ಕಳಿಸಿಕೊಡಿ.

ಇಂತಿ,
ಬೆಂಕಿ ಹಚ್ಚಿದ ಮಕ್ಕಳೊಡನೆ ಕೆಲಸ ಮಾಡುವ ಅಗ್ನಿಶಾಮಕರು, ಶಿಕ್ಷಕರು, ಆಪ್ತಸಮಾಲೋಚಕರು ಮತ್ತು ವೈದ್ಯರು